ಮೊಹಿಂದರ್ ಕಟ್ಟಿದ ಢೋಲು

ರಾಕ್‌ವಿಲ್

ಅಮೇರಿಕದಲ್ಲಿ ಏನೇನು ನೋಡಿದಿ ಎಂದು ಓಣಿಯವರೆಲ್ಲ ಕೇಳಿದರು. ಅಧ್ಯಕ್ಷರ ಬಿಳಿ ಮನೆ ನೋಡಿದೆ, ಕಬ್ಬಿಣದ ಬೇಲಿಯ ಆಚೆಗೆ, ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಮುಗಿಯಿತು. ಉಳಿದ ಮೂರು ತಿಂಗಳಲ್ಲಿ ನಾನು ನೋಡಿದ್ದು ರಾಕ್‌ವಿಲ್ಲಿನ ಮಗಳ ಮನೆ, ಮಗಳ ಕಾರು, ಒಂದು ಆಡಿನ ಚರ್ಮ. ಆ ಚರ್ಮದ ಸಂಗತಿಯನ್ನೇ ಬರೆಯುತ್ತೇನೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಸಂಗತಿ ತಪ್ಪಿಲ್ಲ.

ನಾವು ಹುಬ್ಬಳ್ಳಿಯವರು. ಡೊಳ್ಳು, ಹಲಗೆ, ತಬಲಾ, ಢೋಲಕ್ಕು, ಯಾವುದರ ಬಾಯಿ ಹರಿದರೂ ಹೊಸ ಚರ್ಮ ಕಟ್ಟಿಕೊಡುವುದು ನಮ್ಮ ಮನೆಯ ಕೆಲಸ. ಗಂಡ ಕಟ್ಟುತ್ತಿದ್ದ, ನಾನು ಚರ್ಮ ಹದ ಮಾಡುತ್ತಿದ್ದೆ. ಕೂದಲು ಕೆರೆಯುವುದು, ಕೊಬ್ಬು ಹೆರೆಯುವುದು, ನೆನೆಹಾಕುವುದು, ಒಣಗಿಸುವುದು. ಆ ನಾತದಲ್ಲೇ ಕೂತು ಮಗಳು ಕಸ್ತೂರಿ ನರ್ಸಿಂಗ್ ಓದಿದಳು, ಅಮೇರಿಕದ ಆಸ್ಪತ್ರೆಯಲ್ಲಿ ಕೆಲಸ ಹಿಡಿದಳು, ಅಲ್ಲಿಯೇ ಹರಪಾಲ ಎಂಬ ಪಂಜಾಬಿಯನ್ನು ಮದುವೆಯಾದಳು. ಅವಳಪ್ಪ ಸಾಯುವವರೆಗೂ ಅವಳ ಜೊತೆ ಮಾತಾಡಲಿಲ್ಲ. ಅವನು ಸತ್ತ ಮೇಲೆ ಮಗಳು ನನಗೆ ಟಿಕೀಟು ಕಳಿಸಿದಳು. ಹೋದೆ.

ಬೀಗರು ಬಚನ್ ಸಿಂಗ್, ಅಳಿಯನ ತಂದೆ, ಅದೇ ಮನೆಯ ನೆಲಮಾಳಿಗೆಯಲ್ಲಿದ್ದರು. ನಮ್ಮ ಕಡೆ ನೆಲದ ಕೆಳಗೆ ಇಡುವುದು ಜೋಳವನ್ನು, ಹಗೇವಿನಲ್ಲಿ. ಅಲ್ಲಿ ಮುದುಕರನ್ನು ಇಡುತ್ತಾರೆ, ಮೆತ್ತನೆಯ ಹಾಸು ಹಾಸಿ. ಅವರಿಗೆ ಎದೆಯೊಳಗಿನ ಉಸಿರಿನ ಚೀಲ ಗಟ್ಟಿಯಾಗುವ ರೋಗ. ನಾಲ್ಕು ಮೆಟ್ಟಿಲು ಹತ್ತಿದರೆ ಒಮ್ಮೆ ಕೂರುತ್ತಿದ್ದರು. ಊರಿನಲ್ಲಿದ್ದಾಗ ಮದುವೆಗೆ, ಕುಸ್ತಿಗೆ, ಸುಗ್ಗಿಗೆ ಢೋಲು ಬಾರಿಸಿದ ಮನುಷ್ಯ. ಢೋಲು ಎಂದರೆ ನಮ್ಮ ಡೊಳ್ಳಿನ ತಮ್ಮ ಇದ್ದಂತೆ. ಕೊರಳಿಗೆ ಓರೆಯಾಗಿ ತೂಗುಹಾಕಿಕೊಂಡು, ಒಂದು ಬಾಯಿಗೆ ಬಾಗಿದ ದಪ್ಪ ಕೋಲು, ಇನ್ನೊಂದು ಬಾಯಿಗೆ ತೆಳ್ಳಗಿನ ಕಡ್ಡಿ.

ಮೂಲೆಯಲ್ಲಿ ಅದನ್ನು ಕಂಡ ದಿನ ನಾನು ಸುಮ್ಮನಿರಲಿಲ್ಲ. ದಪ್ಪ ಬಾಯಿಯ ಮೇಲೆ ಬೆರಳಾಡಿಸಿದೆ, ಹಗ್ಗ ನೋಡಿದೆ.

"ಇದನ್ನು ಕಟ್ಟಿದವನು ಎಡಚ," ಎಂದೆ. ನನ್ನದು ಹುಬ್ಬಳ್ಳಿ ಸಂತೆಯ ಹಿಂದಿ, ಅವರದು ಹಳ್ಳಿಯ ಪಂಜಾಬಿ. ಹೇಗೋ ನಡೆಯುತ್ತಿತ್ತು.

ಬೀಗರು ಮಂಚದ ಮೇಲೆ ಎದ್ದು ಕೂತರು. "ನಿಮಗೆ ಯಾರು ಹೇಳಿದರು, ಭೈಣ್‌ಜೀ?"

"ಗಂಟು ಹೇಳತೈತಿ. ಎಲ್ಲಾ ಎಡಕ್ಕ ಹೊರಳ್ಯಾವ."

ಕಟ್ಟಿದವನು ಅವರ ಕಿರಿಯ ಮಗ ಮೊಹಿಂದರ್. ಇಪ್ಪತ್ತೊಂದು ವರ್ಷದವನು. ಪಂಜಾಬಿನಲ್ಲಿ ಗಲಾಟೆ ಇದ್ದ ಆ ವರ್ಷಗಳಲ್ಲಿ ಪೊಲೀಸರ ಒಂದು ಜೀಪು ಬಂದು ಅವನನ್ನು ಕರೆದೊಯ್ಯಿತು, ತಿರುಗಿ ಬಿಡಲಿಲ್ಲ. ಹೆಣವೂ ಬರಲಿಲ್ಲ. ಬೀಗರು ಎಲ್ಲೆಲ್ಲಿ ಹೋಗಿ ಕೇಳಿದರೋ ಅಲ್ಲೆಲ್ಲ, ಅಂಥ ಹೆಸರು ನಮ್ಮ ಯಾವ ಕಾಗದದಲ್ಲೂ ಇಲ್ಲ ಎಂದರಂತೆ. ಹೋಗುವ ಹಿಂದಿನ ವಾರ ಅವನು ಈ ಚರ್ಮ ಕಟ್ಟಿದ್ದ.

ಅಟ್ಲಾಂಟಾದಲ್ಲಿ ಒಬ್ಬ ಬಿಳಿಯವನು ದೇಶದೇಶದ ವಾದ್ಯ ಕೂಡಿಸಿ ಕ್ಯಾಸೆಟ್ ಮಾಡುತ್ತಾನೆ, ಅದಕ್ಕೆ ವರ್ಲ್ಡ್ ಮ್ಯೂಸಿಕ್ ಎನ್ನುತ್ತಾರೆ ಎಂದು ಅಳಿಯ ಹೇಳಿದ. ಹರಪಾಲನಿಗೂ ಹಾಡಿನ ಹುಚ್ಚು, ಇಬ್ಬರಿಗೂ ಗೆಳೆತನ. ಹೊಸ ಆಲ್ಬಮ್ಮಿನ ತುಂಬ ಪಂಜಾಬಿನ ಢೋಲೇ ಮುಂದೆ, ಉಳಿದದ್ದೆಲ್ಲ ಅದರ ಹಿಂದೆ. ಬಾರಿಸುವವರು ಬೀಗರು. ತಮ್ಮ ಗುರುವಿನ ಬಡಿತವನ್ನು ಮಗ ಕಟ್ಟಿದ ಚರ್ಮದ ಮೇಲೆ ಬಾರಿಸಿ ಇಟ್ಟು ಹೋಗಬೇಕು. ಅವರಿಗೆ ಉಳಿದಿದ್ದ ಆಸೆ ಅಷ್ಟೇ.

ಜುಲೈನಲ್ಲಿ ನಾಲ್ಕು ಜನ ಕಾರಿನಲ್ಲಿ ಹೊರಟೆವು. ಮೊದಲು ಡರ್ಹಮ್ಮಿನ ದೊಡ್ಡ ಡಾಕ್ಟರಿಗೆ ಬೀಗರ ಎದೆ ತೋರಿಸುವುದು, ಆಮೇಲೆ ಅಟ್ಲಾಂಟಾ.

ಡರ್ಹಮ್

ರಸ್ತೆಗಳು ನುಣ್ಣಗಿವೆ. ಹಾರ್ನ್ ಹೊಡೆಯುವುದಿಲ್ಲ. ಗಂಟೆಗಟ್ಟಲೆ ಹೋದರೂ ರಸ್ತೆಯ ಬದಿಗೆ ನಡೆಯುವ ಒಬ್ಬ ಮನುಷ್ಯ ಕಾಣಲಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಕಾಲು ಇದ್ದವರು ಎಲ್ಲಿ ಹೋದರೋ.

ಅರ್ಧ ದಾರಿಯಲ್ಲಿ ಮಗಳು ಹಿಂದಕ್ಕೆ ಹೊರಳಿ ಹೇಳಿದಳು. "ಅವ್ವಾ, ನಾವು ಇಳಕೊಳ್ಳೋ ಡಾಕ್ಟರ್ ಮನ್ಯಾಗ ಚರ್ಮದ ಮಾತು ತಗೀಬ್ಯಾಡ. ಅಪ್ಪಂದು ಮ್ಯೂಸಿಕ್ ಅಂಗಡಿ ಇತ್ತು ಅಂತ ಹೇಳೀನಿ."

"ಅಂಗಡಿ ಇತ್ತಲ್ಲ, ಸುಳ್ಳೇನದು?"

"ಅಷ್ಟ ಹೇಳು ಮತ್ತ. ಮುಂದಿಂದು ಬಾಯಾಗ ಇಟ್ಕೋ."

ನಾವು ಇಳಿದುಕೊಂಡದ್ದು ಮೈಸೂರು ಕಡೆಯ ಡಾಕ್ಟರ ಮನೆಯಲ್ಲಿ. ದೊಡ್ಡಾಸ್ಪತ್ರೆಯಲ್ಲಿ ಬೀಗರಿಗೆ ಜಲ್ದಿ ಪಾಳಿ ಕೊಡಿಸಿದವರೂ ಅವರೇ. ಹೆಂಡತಿ ಸುಮಂಗಲಾ. ಒಳ್ಳೆಯ ಹೆಣ್ಣುಮಗಳು, ಬಾಯಿ ನಿಲ್ಲುವುದಿಲ್ಲ ಅಷ್ಟೆ. "ಬನ್ನಿ ಆಂಟಿ, ಜರ್ನಿ ಹೇಗಿತ್ತು? ಟಯರ್ಡ್ ಆಗಿದ್ರೆ ಮೇಲ್ಗಡೆ ರೂಮಲ್ಲಿ ರೆಸ್ಟ್ ಮಾಡಿ. ಸಂಕೋಚ ಮಾಡ್ಕೋಬೇಡಿ, ನಿಮ್ಮನೆ ಅನ್ಕೊಳ್ಳಿ." ದೇವರ ಕೋಣೆ ಅಡುಗೆಮನೆಯ ಪಕ್ಕದಲ್ಲೇ ಇತ್ತು. ಅದರ ಬಾಗಿಲಿಗೆ ಸಣ್ಣ ಗಂಟೆಗಳು.

ಮರುದಿನ ಆಸ್ಪತ್ರೆ. ಬೀಗರನ್ನು ಒಂದು ಯಂತ್ರದೊಳಗೆ ತೂರಿಸಿ ತೆಗೆದರು. ಡಾಕ್ಟರಮ್ಮ ನಗುನಗುತ್ತ ಕೈಕುಲುಕಿ, ಕುರ್ಚಿ ಹತ್ತಿರ ಎಳೆದುಕೊಂಡು, ಇನ್ನು ಹೆಚ್ಚೆಂದರೆ ಆರು ತಿಂಗಳು ಎಂದಳು. ನಮ್ಮ ಡಾಕ್ಟರರು ಇದನ್ನು ಮಕ್ಕಳನ್ನು ಹೊರಗೆ ಕರೆದು ಪಿಸುಗುಟ್ಟುತ್ತಾರೆ. ಅಲ್ಲಿ ಸಾಯುವವನ ಮುಖಕ್ಕೇ ಹೇಳುತ್ತಾರೆ. ಯಾವುದು ಚಲೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಬೀಗರು ಒಂದೇ ಮಾತು ಕೇಳಿದರು. "ಈ ವಾರ ಬಾರಿಸಬಹುದೋ?"

ಭಾರ ಎತ್ತಬೇಡಿ ಎಂದಳು. ಅವರು ತಲೆಯಾಡಿಸಿ ಎದ್ದರು.

ದಾರಿಯಲ್ಲಿ ಮಳೆ ಹೊಡೆದಿತ್ತು, ಗಾಳಿ ಬೆವರಿದಂತೆ ಇತ್ತು. ಮಧ್ಯಾಹ್ನ ಬಿಸಿಲು ಬಿದ್ದಾಗ ಬೀಗರು ಡಾಕ್ಟರ ಮನೆಯ ಪಡಸಾಲೆಯಲ್ಲಿ ಢೋಲಿನ ಬಟ್ಟೆ ಬಿಚ್ಚಿ ತಟ್ಟಿ ನೋಡಿದರು. ದಪ್ಪ ಬಾಯಿ ನೆಂದ ಗೋಣಿಯ ಹಾಗೆ ಡಬ್ ಎಂದಿತು. ಊಟಕ್ಕೆ ಬಂದಿದ್ದ ಇನ್ನೆರಡು ಕನ್ನಡ ಸಂಸಾರ ಸುತ್ತ ಕೂತಿದ್ದವು.

"ಭೈಣ್‌ಜೀ, ಸ್ವಲ್ಪ ಕಾಯಿಸಿ ಕೊಡುತ್ತೀರಾ?" ಎಂದರು ಬೀಗರು. "ಇದು ನಿಮ್ಮ ಕೈಯ ಕೆಲಸ."

ಮಗಳು ನನ್ನ ಕಡೆ ನೋಡಿದಳು. ಅವಳ ಕಣ್ಣು ನೋಡಿ ನಾನು ಕೂತಲ್ಲೇ ಕೂತೆ.

ಚರ್ಮ ಕಾಯಿಸುವುದೆಂದರೆ ಹಾಲು ಕಾಯಿಸಿದಂತೆ. ಬಿಟ್ಟು ಏಳಬಾರದು. ಹುಲ್ಲಿನ ಉರಿಯ ಎದುರು ಹಿಡಿದು, ಇನ್ನೊಂದು ಕೈಯಿಂದ ತಟ್ಟುತ್ತಾ ಇರಬೇಕು. ದನಿ ಏರಿದ ಕ್ಷಣ ಹಿಂದಕ್ಕೆ ಎಳೆಯಬೇಕು. ನಲವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಆದರೆ ಆ ಪಡಸಾಲೆಯಲ್ಲಿ ಚರ್ಮಕ್ಕೆ ಕೈ ಹಚ್ಚಿದರೆ ಕೈಯ ಗುರುತು ಸಿಗುತ್ತದೆ. ನಾನು ಅಂದೆ, "ಕಾರಿನಲ್ಲಿ ಇಡಿ. ಬಿಸಿಲಿದೆ."

ಅಳಿಯ ಇಟ್ಟು ಬಂದ. ಕಿಟಕಿ ಏರಿಸಿ, ಬೀಗ ಹಾಕಿ.

ನಮ್ಮ ಊರಿನಲ್ಲಿ ಬಿಸಿಲಿಗೆ ಇಡುವುದೆಂದರೆ ಅಂಗಳದ ಬಿಸಿಲು, ಗಾಳಿಯಾಡುವ ಬಿಸಿಲು. ಮುಚ್ಚಿದ ಕಾರು ಬಿಸಿಲಲ್ಲ, ರೊಟ್ಟಿ ಸುಡುವ ಭಟ್ಟಿ. ಎಂದಾದರೂ ಕಾರು ಇಟ್ಟುಕೊಂಡಿದ್ದರೆ ಗೊತ್ತಿರುತ್ತಿತ್ತು.

ಬಿಸಿಬೇಳೆ ಬಾತು ಬಡಿಸಿದ್ದರು. ಎರಡನೆಯ ತುತ್ತಿಗೆ ಹೊರಗೆ ಫಟ್ ಎಂದಿತು.

"ಯಾರದೋ ಟೈರ್ ಬರ್ಸ್ಟ್ ಆಯ್ತು ಅನ್ಸತ್ತೆ," ಎಂದರು ಡಾಕ್ಟರು.

ನಾನು ತಟ್ಟೆ ಬಿಟ್ಟು ಎದ್ದೆ.

ಚರ್ಮ ಅಂಚಿನಿಂದ ಅಂಚಿಗೆ ಸೀಳಿತ್ತು. ಬೀಗರು ಕಾರಿನ ಪಕ್ಕದ ನೆಲಕ್ಕೆ ಕೂತು, ಸೀಳಿನ ಎರಡೂ ತುದಿಗಳನ್ನು ಬೆರಳಿನಿಂದ ಹತ್ತಿರಕ್ಕೆ ಎಳೆದು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಮಕ್ಕಳ ಅಂಗಿಗೆ ಗುಂಡಿ ಹಾಕುವವರ ಹಾಗೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಸುಮಂಗಲಾ ಸಮಾಧಾನಕ್ಕೆ ಬಂದಳು. "ಆಂಟಿ, ಬೇಜಾರ್ ಮಾಡ್ಕೋಬೇಡಿ. ಹೊಸ ಸ್ಕಿನ್ ಹಾಕಿಸಿದ್ರಾಯ್ತು. ಯಾರಾದ್ರೂ ಮಾಡಿಕೊಡೋರು ಸಿಗ್ತಾರೆ."

"ಮಾಡಿಕೊಡೋರು ನಾವ ಅದೀವಿ, ತಂಗಿ," ಎಂದೆ. "ಚರ್ಮದ ಕೆಲಸದ ಮಂದಿ ನಾವು. ಆಡು ಕೊಯ್ಯೋರ ಹತ್ರ ಹಸೀ ಚರ್ಮ ತಂದು, ಕೆರದು, ಕಟ್ಟಿ ಕೊಡತೇವಿ. ಕಾಯಿಸೋದು ನನಗ ಗೊತ್ತಿತ್ತು. ನಿಮ್ಮ ಮುಂದ ಮುಟ್ಟಬಾರದಂತ ಕೂತೆ. ಅದಕ್ಕ ಒಡೀತು."

ಡಾಕ್ಟರು, "ಇಟ್ಸ್ ಓಕೆ, ಯಾವ ಕೆಲಸ ಆದ್ರೇನು," ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂತು. ನನಗೆ ಮಾತ್ರ ಬಿಸಾಡುವ ಬಿಳಿ ಲೋಟದಲ್ಲಿ. ಕಪ್ಪು ಕಡಿಮೆ ಬಿದ್ದವು ಎಂದಳು ಸುಮಂಗಲಾ. ಇರಬಹುದು. ನಾನು ಸಣ್ಣವಳಿದ್ದಾಗ ಚಹಾದಂಗಡಿಯ ಹೊರಗಿನ ಗೂಡಿನಲ್ಲಿ ನಮಗೆ ಬೇರೆ ಲೋಟ ಇಡುತ್ತಿದ್ದರು, ಕುಡಿದು ನಾವೇ ತೊಳೆದು ಇಡಬೇಕಾಗಿತ್ತು. ಅಮೇರಿಕದಲ್ಲಿ ತೊಳೆಯುವ ಕೆಲಸ ಇಲ್ಲ. ಕುಡಿದೆ, ಕಸದ ಬುಟ್ಟಿಗೆ ಹಾಕಿದೆ, ಚೀಲ ತೆಗೆದುಕೊಂಡೆ.

ದಕ್ಷಿಣ ಕೆರೊಲಿನಾ, ಹೆದ್ದಾರಿ ಬದಿಯ ಮೋಟೆಲ್

ಅಟ್ಲಾಂಟಾಕ್ಕೆ ಮುಟ್ಟಲು ಐದು ದಿನ ಇದ್ದವು. ಪ್ಲಾಸ್ಟಿಕ್ ಬಾಯಿಯ ಢೋಲು ತರಿಸಿಕೊಡುತ್ತೇನೆ ಎಂದು ಬಿಳಿಯವನು ಫೋನಿನಲ್ಲಿ ಹೇಳಿದನಂತೆ. ಬೀಗರು ಬೇಡ ಎಂದರು. ನಾನು ಅಳಿಯನಿಗೆ, "ಆಡು ಸಾಕಿದವರು ಎಲ್ಲಿದ್ದಾರೆ ಕೇಳು," ಎಂದೆ.

ಸಿಕ್ಕವನು ಒಬ್ಬ ಕರಿಯ ಮುದುಕ. ಶೆಡ್ಡಿನ ಹಿಂದೆ ಕಟ್ಟಿಗೆಯ ಕೆಂಡದ ಕುಣಿಯಲ್ಲಿ ಇಡೀ ಆಡು ಸುಡುತ್ತಿದ್ದ. ಯಾತಕ್ಕೆ ಚರ್ಮ ಎಂದು ಕೇಳಿದ. ವಾದ್ಯಕ್ಕೆ ಎಂದಾಗ ನಕ್ಕ. ತನ್ನ ಅಜ್ಜ ತಂತಿ ವಾದ್ಯಕ್ಕೆ ಕಾಡುಹೆಗ್ಗಣದ ಚರ್ಮ ಹಾಕುತ್ತಿದ್ದನಂತೆ, ಅದರ ನಾತಕ್ಕೆ ಅಜ್ಜಿ ಅವನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲವಂತೆ. ಆ ದೇಶದಲ್ಲಿ ನನಗೆ ಪೂರ್ತಿ ಅರ್ಥವಾದ ಮನುಷ್ಯ ಅವನೊಬ್ಬನೇ, ಅದೂ ಅಳಿಯನ ಬಾಯಿಂದ. ಹಸಿ ಚರ್ಮ ಕೊಟ್ಟ, ಕುಣಿಯ ಬೂದಿ ಒಂದು ಚೀಲ ಕೊಟ್ಟ.

ಬೂದಿನೀರಿನಲ್ಲಿ ಎರಡು ದಿನ ನೆಂದರೆ ಕೂದಲು ಬಿಡುತ್ತದೆ. ಮೋಟೆಲ್ಲಿನ ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿದೆ. ಆ ತೊಟ್ಟಿಯಲ್ಲಿ ಮಲಗಿ ಸ್ನಾನ ಮಾಡುತ್ತಾರೆ ಅಲ್ಲಿಯವರು, ತಮ್ಮ ಮೈಯ ಕೊಳೆಯಲ್ಲೇ. ಚರ್ಮಕ್ಕೆ ಹೇಳಿ ಮಾಡಿಸಿದಂತಿತ್ತು.

ಸಂಜೆಗೆ ಮೋಟೆಲ್ಲಿನ ಒಡತಿ ಬಾಗಿಲು ಬಡಿದಳು. ಗುಜರಾತಿನ ಹೆಂಗಸು, ನನ್ನ ವಯಸ್ಸು, ಸೀರೆಯ ಕೆಳಗೆ ಕಾಲುಚೀಲ. ತೊಟ್ಟಿ ನೋಡಿ ಸೆರಗನ್ನು ಮೂಗಿಗೆ ಹಿಡಿದಳು.

"ಮೊಟ್ಟೆ ಕೂಡ ಮುಟ್ಟದವರ ಮನೆ ಇದು!"

"ನಾವು ತಿನ್ನಾಕ ತಂದಿಲ್ಲ," ಎಂದೆ ನನ್ನ ಹಿಂದಿಯಲ್ಲಿ.

ಮಗಳು ಕೈಮುಗಿದಳು, ಬೀಗರ ರೋಗ ಹೇಳಿದಳು. ಆಕೆ ಮಂಚದ ಮೇಲೆ ಏದುಸಿರು ಬಿಡುತ್ತಿದ್ದ ಬೀಗರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೋಗಿ ಒಂದು ಪ್ಲಾಸ್ಟಿಕ್ ಡ್ರಮ್ಮು ತಂದಳು. "ಹಿಂದೆ ಬಟ್ಟೆ ಒಗೆಯುವ ಕೋಣೆಯ ಆಚೆ ಇಡಿ. ತೊಟ್ಟಿಯನ್ನು ಬ್ಲೀಚ್ ಹಾಕಿ ಮೂರು ಸಲ ಉಜ್ಜಬೇಕು." ಮೂರು ಸಲ ಉಜ್ಜುವವರೆಗೂ ಬಾಗಿಲಲ್ಲೇ ನಿಂತು ಎಣಿಸಿದಳು. ನನಗೆ ಅವಳ ರೀತಿ ಹಿಡಿಸಿತು. ಮುಖದ ಮೇಲೆ ಹೇಳಿದಳು, ಡ್ರಮ್ಮೂ ಕೊಟ್ಟಳು.

ಮೂರನೆಯ ದಿನ ಕೆರೆಯಲು ಕೂತೆ. ನಮ್ಮ ಬಾಗಿದ ಕತ್ತಿ ಅಲ್ಲಿ ಎಲ್ಲಿಯದು? ಗೋಡೆಯ ಬಣ್ಣ ಕೆರೆಯುವ ಪಟ್ಟಿಯನ್ನು ಅಳಿಯ ತಂದುಕೊಟ್ಟ. ಮಗಳು ಪ್ಯಾಂಟು ಮಡಚಿ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಚರ್ಮದ ತುದಿ ಎಳೆದು ಹಿಡಿದಳು. ಹೇಳಿಕೊಡಬೇಕಾಗಲಿಲ್ಲ. ಆಸ್ಪತ್ರೆಯ ಕೈಗೆ ಅದು ನೆನಪಿತ್ತು.

"ನನ್ನ ತಪ್ಪು, ಅವ್ವಾ," ಎಂದಳು ತಲೆ ಎತ್ತದೆ. "ನಾ ಹೇಳಿದ್ದಕ್ಕ ನೀ ಮುಟ್ಟಲಿಲ್ಲ."

"ನೀ ಬಾಯಿಲೆ ಅಂದಿ. ಕೂತಕಿ ನಾನು. ಬಿಗಿ ಹಿಡಿ."

"ಅಪ್ಪ ಇದ್ದಿದ್ರ ಏನಂತಿದ್ದ?"

"ನಿನ್ನ ಕೂಡ ಮಾತಾಡ್ತಿದ್ದಿಲ್ಲ. ಈ ಚರ್ಮ ನೋಡಿ ನನ್ನ ಕೂಡನೂ ಬಿಡ್ತಿದ್ದ. ಹಿಡಿ ಅಂದ್ನಲ್ಲ."

ಅವಳು ನಕ್ಕಳೋ ಅತ್ತಳೋ, ನಾನು ನೋಡಲಿಲ್ಲ.

ಒಡೆದ ಚರ್ಮವನ್ನು ಬಿಚ್ಚಿ ಬೀಗರ ಕೈಗೆ ಕೊಟ್ಟೆ. ಹಳೆಯ ಹಗ್ಗ ಗಟ್ಟಿಯಿತ್ತು, ಅದನ್ನೇ ಹಾಕಿದೆ. ಅದು ಎಷ್ಟೋ ವರ್ಷ ಎಡಕ್ಕೆ ಹೊರಳಿ ಹೊರಳಿ ಮುರಿ ಹಿಡಿದಿತ್ತು. ಬಲಕ್ಕೆ ಎಳೆದರೆ ಕೇಳಲಿಲ್ಲ. ಎಡಗೈಯಿಂದ ಎಳೆದು ಎಡಕ್ಕೇ ಗಂಟು ಹಾಕಿದೆ. ಬೆರಳು ಸುಲಿಯಿತು. ಈ ಸಲ ನೆರಳಿನಲ್ಲಿ ಒಣಗಿಸಿದೆ. ಅದರ ಪಕ್ಕ ಬಿಟ್ಟು ಏಳಲಿಲ್ಲ.

ಅಟ್ಲಾಂಟಾ

ಊರು ಏನೂ ನೋಡಲಿಲ್ಲ. ಕಿಟಕಿಯಿಲ್ಲದ ಕೋಣೆ ನೋಡಿದೆ. ಗೋಡೆಗೆಲ್ಲ ಮೊಟ್ಟೆಯ ತಟ್ಟೆಯಂಥ ಮೆತ್ತೆ, ಚಪ್ಪಾಳೆ ತಟ್ಟಿದರೆ ಅಲ್ಲೇ ಸಾಯುತ್ತದೆ. ಬಿಳಿಯವನಿಗೆ ಜಡೆ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೊಳಲಿನವಳೊಬ್ಬಳು, ಆಫ್ರಿಕದ ತಮಟೆಯವನೊಬ್ಬ, ತಂತಿಯವರು ಇಬ್ಬರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ, ಕಿವಿಗೆ ಮುಚ್ಚಳ ಹಾಕಿಕೊಂಡು, ಬೇರೆ ಬೇರೆ ಕೂತು ಬಾರಿಸುತ್ತಾರೆ. ಆಮೇಲೆ ಯಂತ್ರ ಎಲ್ಲರನ್ನೂ ಒಂದೇ ಕಡೆ ಕೂಡಿಸುತ್ತದೆ. ಜಗತ್ತಿನ ಸಂಗೀತ ಎನ್ನುವುದು ಹೀಗೆ ಆಗುತ್ತದೆ.

ಮೊದಲ ದಿನ ಕೆಟ್ಟಿತು. ಹೊಸ ಚರ್ಮಕ್ಕೆ ಇನ್ನೂ ಬಾಯಿ ಬಂದಿರಲಿಲ್ಲ, ಕೋಣೆಯ ತಣ್ಣನೆಯ ಒಣಗಾಳಿಗೆ ಬಿಗಿದು ಕಿರುಚುತ್ತಿತ್ತು. ಎರಡನೆಯ ದಿನ ನಾನು ಹೇಳಿಸಿ ತಂಪಿನ ಯಂತ್ರ ನಿಲ್ಲಿಸಿದೆ. ಎಲ್ಲರೂ ಬೆವರಿದರು. ಕೊಳಲಿನವಳು ನನ್ನನ್ನು ಕೆಟ್ಟದಾಗಿ ನೋಡಿದಳು. ನೋಡಲಿ. ನಾನು ಎಲ್ಲರ ಎದುರಿಗೆ ಆ ಚರ್ಮದ ಮೇಲೆ ಕೈಯಿಟ್ಟು ತಟ್ಟುತ್ತಾ ಕೂತೆ. ದನಿ ಹದಕ್ಕೆ ಬಂದಾಗ ಬೀಗರಿಗೆ, "ಈಗ," ಎಂದೆ.

ನಿಂತು ಬಾರಿಸಲು ಆಗಲಿಲ್ಲ. ಸ್ಟೂಲಿನ ಮೇಲೆ ಕೂತು, ಢೋಲನ್ನು ಇನ್ನೊಂದು ಸ್ಟೂಲಿಗೆ ಆನಿಸಿ ಬಾರಿಸಿದರು. ನಾಲ್ಕು ನಿಮಿಷ. ನಾನು ಹುಟ್ಟಿದಂದಿನಿಂದ ಬಡಿತ ಕೇಳಿದವಳು, ಯಾರನ್ನೂ ಸುಮ್ಮನೆ ಹೊಗಳುವವಳಲ್ಲ. ಆ ನಾಲ್ಕು ನಿಮಿಷ ಮನುಷ್ಯನಿಗೆ ರೋಗ ಇರಲಿಲ್ಲ. ಆಮೇಲೆ ಕೋಲು ಕೈಯಿಂದ ಜಾರಿತು, ತುಟಿ ನೀಲಿಯಾಯಿತು, ಮಗಳು ಆಮ್ಲಜನಕದ ಕೊಳವೆ ಹಿಡಿದು ಓಡಿದಳು.

ಮತ್ತೆ ಬಾರಿಸಲು ಆಗಲೇ ಇಲ್ಲ. ಪರವಾಗಿಲ್ಲ, ಆ ನಾಲ್ಕನ್ನೇ ಕತ್ತರಿಸಿ ಕತ್ತರಿಸಿ ಅಂಟಿಸಿ ಇಡೀ ಆಲ್ಬಮ್ಮಿಗೆ ಎಳೆಯುತ್ತೇನೆ ಎಂದ ಬಿಳಿಯವನು. ಚರ್ಮಕ್ಕೆ ತೇಪೆ ಹಾಕಿದರೆ ನುಡಿಯುವುದಿಲ್ಲ. ದನಿಗೆ ಹಾಕಬಹುದಂತೆ.

ಹೊರಡುವಾಗ ಒಬ್ಬ ಹೆಂಗಸು ಕಾಗದ ಹಿಡಿದು ಬಂದಳು. ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಎಲ್ಲರ ಹೆಸರು ಅಚ್ಚಾಗುತ್ತದೆ, ವಾದ್ಯ ಮಾಡಿದವರದೂ ಸಹ. ಅಳಿಯ ನನ್ನ ಹೆಸರು ಹೇಳಲು ಬಾಯಿ ತೆಗೆದ.

ಬೀಗರು ಕೈ ಎತ್ತಿದರು. ಮೂಗಿನಲ್ಲಿ ಕೊಳವೆ, ತೊಡೆಯ ಮೇಲೆ ಢೋಲು. ಗಂಟುಗಳ ಮೇಲೆ ಒಂದೊಂದಾಗಿ ಬೆರಳು ಇಡುತ್ತಿದ್ದರು.

"ಎಡಕ್ಕೆ ಕಟ್ಟಿದ್ದೀರಿ, ಭೈಣ್‌ಜೀ."

"ಹಗ್ಗ ಹಂಗ ಹೊರಳಿತ್ತು. ಅದರ ಬೆನ್ನ ಹತ್ತಿದೆ."

ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಅವನ ಹೆಸರು ಎಲ್ಲೂ ಬರೆದಿಲ್ಲ," ಎಂದರು. "ಇಲ್ಲಿ ಬರೆಸಲೇ?"

ಹಗ್ಗದ ಉರಿಗೆ ಸುಲಿದ ನನ್ನ ಎಡಗೈ ಬೆರಳಿಗೆ ಮಗಳು ಪಟ್ಟಿ ಸುತ್ತಿದ್ದಳು. ಅದನ್ನು ಸೆರಗಿನೊಳಗೆ ಇಟ್ಟುಕೊಂಡೆ.

"ಬರಸ್ರಿ," ಎಂದೆ.

ಹುಬ್ಬಳ್ಳಿ

ಬೀಗರು ಆರು ತಿಂಗಳು ಬಾಳಲಿಲ್ಲ. ನಾಲ್ಕಕ್ಕೇ ಹೋದರು. ಒಡೆದ ಆ ಹಳೆಯ ಚರ್ಮವನ್ನು ಅವರ ಜೊತೆಯಲ್ಲೇ ಸುಟ್ಟರು ಎಂದು ಮಗಳು ಬರೆದಿದ್ದಳು. ಆ ಕಾಗದದ ಹಿಂದೆಯೇ ಕ್ಯಾಸೆಟ್ ಬಂತು. ಒಳಹಾಳೆಯಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರ. ಒಂದು ಸಾಲಿನ ಕೆಳಗೆ ಅವಳು ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ದಳು: ಢೋಲಿನ ಚರ್ಮ ಕಟ್ಟಿದವರು, ಮೊಹಿಂದರ್ ಸಿಂಗ್.

ಇಷ್ಟನ್ನೂ ಇಲ್ಲಿ ಬರೆದಿದ್ದೇನೆ, ಬೀಗರ ಕಡೆಯವರು ಯಾರೂ ಕನ್ನಡ ಓದುವುದಿಲ್ಲ ಎಂಬ ಧೈರ್ಯದಿಂದ.

ಅಂಗಡಿಯಲ್ಲಿ ಕ್ಯಾಸೆಟ್ ಹಾಕಿದ್ದೆ. ನೂಲ್ವಿಯ ಫಕೀರಪ್ಪ ಡೊಳ್ಳು ರಿಪೇರಿಗೆ ತಂದಿದ್ದ. ಮೂವತ್ತು ವರ್ಷದಿಂದ ಬಾರಿಸುವವನು, ಅವನ ಕಿವಿಗೆ ಮೋಸ ಮಾಡಲು ಬರುವುದಿಲ್ಲ. ಕೊಳಲು, ತಂತಿ ಎಲ್ಲ ದಾಟಿ ಅವನ ಕಿವಿ ನೇರ ಚರ್ಮಕ್ಕೆ ಹೋಯಿತು.

"ಹೊಸಾ ಚರ್ಮ ಐತಿ. ಪೂರಾ ಪಳಗಿಲ್ಲ," ಎಂದ. "ಆದರ ಕಟ್ಟಿದ ಕೈ ಛಲೋ ಐತಿ ಬೇ ಎವ್ವಾ. ಯಾರು ಕಟ್ಟ್ಯಾರ?"

"ಮೊಹಿಂದರ್ ಅಂತ ಒಬ್ಬ ಹುಡುಗ."

"ಎಲ್ಲಿ ಇರ್ತಾನ ಅವ?"

ನಾನು ಒಳಹಾಳೆ ಬಿಡಿಸಿ, ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.

"ಇಲ್ಲೆ," ಎಂದೆ.